ನಿಮ್ಮದೇ ಫೋಟೋದ ಪೋಸ್ಟ್‌ಕಾರ್ಡ್ ಮಾಡೋದು ಹೇಗೆ? ಹಿಂಬದಿಯಿಂದ ಶುರು ಮಾಡಿ

ತಾವೇ ತೆಗೆದ ಫೋಟೋವನ್ನು ಪೋಸ್ಟ್‌ಕಾರ್ಡ್ ಮಾಡಿ ಬೇರೆ ಹವ್ಯಾಸಿಗಳ ಜೊತೆ ಬದಲಾಯಿಸಿಕೊಳ್ಳಬೇಕು ಅಂತ ಹೊರಟವರು ಮೊದಲು ಕೂರುವುದು ಫೋಟೋ ಆರಿಸಲಿಕ್ಕೆ. ನಾನು ಹೇಳುವುದು ಉಲ್ಟಾ. ಮೊದಲು ಕಾರ್ಡಿನ ಹಿಂಬದಿಯ ಬಗ್ಗೆ ಯೋಚಿಸಿ. ಫೋಟೋ ಎಷ್ಟೇ ಚೆಂದ ಇರಲಿ, ಹಿಂದೆ ಪೆನ್ನು ಹಿಡಿಯದಿದ್ದರೆ, ಸ್ಟ್ಯಾಂಪು ಅಂಟದಿದ್ದರೆ, ವಿಳಾಸ ಒರೆಸಿಹೋದರೆ ಅದು ಸುಮ್ನೆ ಒಂದು ಫೋಟೋ ಪ್ರಿಂಟು, ಅಷ್ಟೇ. ಪೋಸ್ಟ್‌ಕಾರ್ಡ್ ಅನ್ನೋದು ಕವರಿನ ರಕ್ಷಣೆಯೂ ಇಲ್ಲದೆ ಚೀಲದಿಂದ ಚೀಲಕ್ಕೆ ಬಿದ್ದು, ವಿಂಗಡಿಸುವ ಯಂತ್ರದೊಳಗೆ ನುಗ್ಗಿ, ಮಳೆ ಬಿಸಿಲು ತಿಂದು ಯಾರದೋ ಮನೆ ತಲುಪಬೇಕಾದ ವಸ್ತು. ಅದನ್ನು ತಡೆದುಕೊಳ್ಳುವ ಹಾಗೆ ಮಾಡುವುದೇ ಇಲ್ಲಿನ ಮುಖ್ಯ ಕೆಲಸ.

ಇದೇನೂ ಹೊಸ ಹುಚ್ಚಲ್ಲ. ಮೊದಲ ಅಂಚೆ ಕಾರ್ಡು ಬಂದದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗೆರಿಯಲ್ಲಿ. ಅದರಲ್ಲಿ ಚಿತ್ರ ಇರಲಿಲ್ಲ. 1903ರಲ್ಲಿ ಕೊಡಾಕ್ ಕಂಪನಿ ಪೋಸ್ಟ್‌ಕಾರ್ಡ್ ಅಳತೆಯ ನೆಗೆಟಿವ್ ಕೊಡುವ 3ಎ ಫೋಲ್ಡಿಂಗ್ ಪಾಕೆಟ್ ಕ್ಯಾಮೆರಾ ತಂದಿತು. ಹಿಂದೆ ಪೋಸ್ಟ್‌ಕಾರ್ಡ್ ಗೆರೆಗಳು ಮೊದಲೇ ಅಚ್ಚಾಗಿದ್ದ ಫೋಟೋ ಕಾಗದವೂ ಸಿಗುತ್ತಿತ್ತು. ಜನ ಮನೆಮಂದಿಯನ್ನೋ ಬೀದಿಯನ್ನೋ ಕ್ಲಿಕ್ಕಿಸಿ, ನೇರವಾಗಿ ಆ ಕಾಗದದ ಮೇಲೆ ಪ್ರಿಂಟು ಹಾಕಿ ಕಳಿಸುತ್ತಿದ್ದರು. ಹಳೇ ಕಾರ್ಡು ಸಂಗ್ರಹಿಸುವವರು ಇವತ್ತಿಗೂ ಹಿಂದಿನ ಸ್ಟ್ಯಾಂಪ್ ಚೌಕದ ಸುತ್ತ ಇರುವ ಕಾಗದದ ಹೆಸರು, ಸಣ್ಣ ತ್ರಿಕೋನಗಳನ್ನು ನೋಡಿ ಕಾರ್ಡಿನ ಕಾಲ ಅಂದಾಜು ಮಾಡುತ್ತಾರೆ. ನೋಡಿ, ಅಲ್ಲೂ ಮಾತಾಡುವುದು ಹಿಂಬದಿಯೇ.

ಅಳತೆ ಮೊದಲು ಗಟ್ಟಿ ಮಾಡಿಕೊಳ್ಳಿ

ಎರಡೇ ಅಳತೆ ಸಾಕು. ಒಂದು 4×6 ಇಂಚು, ಅಂದರೆ ಸುಮಾರು 102×152 ಮಿ.ಮೀ. ಇನ್ನೊಂದು ಎ6, ಅಂದರೆ 105×148 ಮಿ.ಮೀ. ಫೋಟೋ ಲ್ಯಾಬಿನಲ್ಲಿ ಪ್ರಿಂಟು ಹಾಕಿಸುವವರಿಗೆ 4×6 ಸಲೀಸು. ಮನೆಯ ಪ್ರಿಂಟರಿನಲ್ಲಿ ಎ4 ಹಾಳೆ ಬಳಸುವವರಿಗೆ ಎ6 ಒಳ್ಳೆಯದು, ಯಾಕೆಂದರೆ ಒಂದು ಎ4 ಹಾಳೆ ಅಡ್ಡ ಒಮ್ಮೆ, ಉದ್ದ ಒಮ್ಮೆ ಕತ್ತರಿಸಿದರೆ ಸರಿಯಾಗಿ ನಾಲ್ಕು ಎ6 ಆಗುತ್ತದೆ, ಚೂರೂ ದಂಡ ಇಲ್ಲ.

ಚೌಕ, ದುಂಡು, ಎಲೆಯ ಆಕಾರ ಇವೆಲ್ಲ ನೋಡಲಿಕ್ಕೆ ಚೆಂದ. ಆದರೆ ಯಂತ್ರಕ್ಕೆ ಇಷ್ಟ ಇಲ್ಲ. ಅಂತರರಾಷ್ಟ್ರೀಯ ಅಂಚೆ ನಿಯಮದ ಪ್ರಕಾರ ಕಾರ್ಡು ಆಯತಾಕಾರ ಇರಬೇಕು, 90×140 ಮಿ.ಮೀ.ಗಿಂತ ಚಿಕ್ಕದಿರಬಾರದು. ಅದಕ್ಕಿಂತ ಚಿಕ್ಕದು ಅಥವಾ ವಿಚಿತ್ರ ಆಕಾರದ್ದಾದರೆ ಪತ್ರದ ದರ ಕೇಳಬಹುದು, ಇಲ್ಲಾ ವಾಪಸ್ ಬರಬಹುದು. ದೊಡ್ಡ ಕಾರ್ಡಿಗೆ ಒಂದೊಂದು ದೇಶದಲ್ಲಿ ಒಂದೊಂದು ಮಿತಿ, ಒಂದೊಂದು ದರ. ಅಂಥದ್ದೇನಾದರೂ ಮಾಡಬೇಕೆನಿಸಿದರೆ ನೂರು ಪ್ರಿಂಟು ಹಾಕಿಸುವ ಮುಂಚೆ ಒಂದು ಖಾಲಿ ರಟ್ಟನ್ನು ಆ ಅಳತೆಗೆ ಕತ್ತರಿಸಿಕೊಂಡು ಅಂಚೆ ಕಚೇರಿಯ ಕೌಂಟರಿನಲ್ಲಿ ತೋರಿಸಿ ಕೇಳಿ. ಐದು ನಿಮಿಷದ ಕೆಲಸ.

ಕಾಗದ: ಇಲ್ಲೇ ಎಲ್ಲ ನಿಂತಿರೋದು

ಕಾರ್ಡು ಮಾಡಲಿಕ್ಕೆ ಮೂರು ದಾರಿ ಇವೆ. ಮೂರಕ್ಕೂ ಹಿಂಬದಿ ಬೇರೆ ಬೇರೆ ಥರ ವರ್ತಿಸುತ್ತದೆ.

ಮೊದಲನೆಯದು, ಫೋಟೋ ಲ್ಯಾಬಿನ ಮಾಮೂಲಿ 4×6 ಪ್ರಿಂಟು. ಅಗ್ಗ, ಬಣ್ಣ ಚೆನ್ನಾಗಿ ಬರುತ್ತದೆ, ಮುಂಬದಿಗೆ ನೀರು ಬಿದ್ದರೂ ಬಣ್ಣ ಇಳಿಯುವುದಿಲ್ಲ. ತೊಂದರೆ ಇರುವುದು ಹಿಂದೆ. ಈ ಕಾಗದದ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಜೆಲ್ ಪೆನ್ನು, ಇಂಕ್ ಪೆನ್ನು ಅದರ ಮೇಲೆ ಒಣಗುವುದೇ ಇಲ್ಲ, ಬೆರಳು ತಾಗಿದರೆ ಅಕ್ಷರ ಜಾರುತ್ತದೆ. ಅಂಚೆಯವರು ಹೊಡೆಯುವ ಠಸ್ಸೆಯ ಮಸಿಗೂ ಅದೇ ಗತಿ. ಇದಕ್ಕೆ ಪರಿಹಾರ ಎರಡು. ಹಿಂದೆ ಪೂರ್ತಿ ಒಂದು ದೊಡ್ಡ ಕಾಗದದ ಸ್ಟಿಕ್ಕರ್ ಅಂಟಿಸುವುದು, ಅದರ ಮೇಲೆ ಪೋಸ್ಟ್‌ಕಾರ್ಡ್ ಗೆರೆಗಳನ್ನು ಮೊದಲೇ ಪ್ರಿಂಟು ಮಾಡಿಕೊಂಡಿರಬಹುದು. ಅಥವಾ ಫೋಟೋವನ್ನು ತೆಳು ರಟ್ಟಿಗೆ ಅಂಟಿಸುವುದು. ಸ್ಟಿಕ್ಕರೇ ವಾಸಿ. ರಟ್ಟು ಅಂಟಿಸಿದರೆ ದಪ್ಪ ಜಾಸ್ತಿಯಾಗುತ್ತದೆ, ಯಂತ್ರದ ರೋಲರಿಗೆ ಸಿಕ್ಕಾಗ ಎರಡು ಪದರ ಬಿಟ್ಟುಕೊಳ್ಳುವ ಅಪಾಯವೂ ಇದೆ. ರಟ್ಟೇ ಬೇಕು ಅನ್ನುವವರು ನೀರಿನ ಗೋಂದು ಮುಟ್ಟಬೇಡಿ, ಕಾರ್ಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಎರಡೂ ಬದಿ ಅಂಟುವ ಹಾಳೆ ಬಳಸಿ. ಅಂಟಿಸಿದ ಮೇಲೆ ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿ. ಮೂಲೆಗಳಿಗೆ ಅಂಟು ತಲುಪಿದೆಯಾ ಅಂತ ಉಗುರಲ್ಲಿ ಎತ್ತಿ ನೋಡಿ, ಬಿಡುವುದು ಯಾವಾಗಲೂ ಮೂಲೆಯಿಂದ.

ಎರಡನೆಯದು, ಮನೆಯ ಇಂಕ್‌ಜೆಟ್ ಪ್ರಿಂಟರ್. ಇದರಲ್ಲಿ ಮುಂದೆ ಫೋಟೋ ಪದರ, ಹಿಂದೆ ಮಾಮೂಲಿ ಕಾಗದ ಇರುವ, ಮಿಂಚದ ಮ್ಯಾಟ್ ಕಾಗದ ತೆಗೆದುಕೊಂಡರೆ ಬರೆಯುವ ತೊಂದರೆ ಇಲ್ಲ. 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ) ಕಡಿಮೆ ಬೇಡ, ಬಳುಕುತ್ತದೆ. 250ರಿಂದ 300 ಕೈಗೆ ಕಾರ್ಡು ಅನಿಸುತ್ತದೆ. ಆದರೆ ದಪ್ಪ ಕಾಗದವನ್ನು ಮುಂದಿನ ಟ್ರೇಯಿಂದ ಎಳೆದುಕೊಳ್ಳುವ ಪ್ರಿಂಟರು ಅದನ್ನು ಒಳಗೆ ಪೂರ್ತಿ ಮಡಿಸಿ ತಿರುಗಿಸಬೇಕಾಗುತ್ತದೆ, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಿನ ಟ್ರೇ ಇದ್ದರೆ ಅದನ್ನೇ ಬಳಸಿ, ಎಷ್ಟು ಜಿಎಸ್‌ಎಂವರೆಗೆ ಆಗುತ್ತದೆ ಅಂತ ಪ್ರಿಂಟರಿನ ಕೈಪಿಡಿಯಲ್ಲಿ ಇರುತ್ತದೆ. ಇಂಕಿನಲ್ಲೂ ಎರಡು ಜಾತಿ. ಡೈ ಇಂಕ್ ನೀರು ಬಿದ್ದರೆ ಹರಡುತ್ತದೆ, ಪಿಗ್ಮೆಂಟ್ ಇಂಕ್ ಜಾಸ್ತಿ ತಡೆಯುತ್ತದೆ. ನಿಮ್ಮದು ಡೈ ಆಗಿದ್ದರೆ ಮುಂಬದಿಗೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ತೆಳ್ಳಗೆ ಒಂದೆರಡು ಸಲ ಹೊಡೆದು ಒಣಗಿಸಬಹುದು. ಕಿಟಕಿ ತೆಗೆದಿಟ್ಟುಕೊಂಡು ಹೊಡೆಯಿರಿ, ವಾಸನೆ ತಲೆಗೆ ಹತ್ತುತ್ತದೆ.

ಮೂರನೆಯದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಾಡಿಸುವುದು. ಹತ್ತಿಪ್ಪತ್ತಕ್ಕೆ ಲೆಕ್ಕ ಹೊಂದುವುದಿಲ್ಲ, ಒಂದೇ ಚಿತ್ರದ ನೂರು ಕಾರ್ಡು ಬೇಕಾದಾಗ ಸರಿ. 300ರಿಂದ 350 ಜಿಎಸ್‌ಎಂ ಕಾರ್ಡು, ಮುಂದೆ ಮಾತ್ರ ಕೋಟಿಂಗ್, ಹಿಂದೆ ಕೋಟಿಂಗ್ ಬೇಡ ಅಂತ ಬಿಡಿಸಿ ಹೇಳಿ. ಹೇಳದಿದ್ದರೆ ಎರಡೂ ಬದಿ ಮಿಂಚುವ ಲ್ಯಾಮಿನೇಷನ್ ಮಾಡಿ ಕೊಟ್ಟಾರು, ಆಮೇಲೆ ಅದರ ಮೇಲೆ ಬರೆಯಲಿಕ್ಕೆ ಮಾರ್ಕರ್ ಹುಡುಕಬೇಕು. ತೂಕದ ಚಿಂತೆ ಬೇಡ. 300 ಜಿಎಸ್‌ಎಂನ ಎ6 ಕಾರ್ಡು ಐದು ಗ್ರಾಮಿಗಿಂತ ಕಡಿಮೆ.

ಯಾವ ದಾರಿ ಹಿಡಿದರೂ ಒಂದು ಪರೀಕ್ಷೆ ಮಾಡಿಯೇ ಮುಂದೆ ಹೋಗಿ. ಆ ಕಾಗದದ ಒಂದು ತುಂಡು ತೆಗೆದುಕೊಳ್ಳಿ. ಮನೆಯಲ್ಲಿರುವ ಪೆನ್ನುಗಳಲ್ಲೆಲ್ಲ ಒಂದೊಂದು ಸಾಲು ಬರೆಯಿರಿ, ಪಕ್ಕದಲ್ಲಿ ಯಾವ ಪೆನ್ನು ಅಂತಲೂ ಬರೆಯಿರಿ. ಒಂದು ನಿಮಿಷ ಬಿಟ್ಟು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಇನ್ನೊಮ್ಮೆ ಉಜ್ಜಿ. ಕೊನೆಗೆ ಒಂದು ಬಳಸಿದ ಸ್ಟ್ಯಾಂಪನ್ನೋ ಕಾಗದದ ಚೂರನ್ನೋ ಗೋಂದು ಹಚ್ಚಿ ಅಂಟಿಸಿ, ಒಣಗಿದ ಮೇಲೆ ಕಾರ್ಡನ್ನು ಬಗ್ಗಿಸಿ ನೋಡಿ. ಜೆಲ್ ಪೆನ್ನು ಒಣ ಬೆರಳಿಗೇ ಸೋಲುವುದು, ಇಂಕ್ ಪೆನ್ನು ಒದ್ದೆ ಬೆರಳಿಗೆ ನೀಲಿ ಮೋಡ ಆಗುವುದು, ಸಾದಾ ಬಾಲ್ ಪೆನ್ನು ಮಾತ್ರ ಅಲ್ಲಾಡದೆ ನಿಲ್ಲುವುದು, ನುಣುಪು ಕಾಗದದಲ್ಲಿ ಹೆಚ್ಚಾಗಿ ಆಗುವುದು ಇದೇ. ವಿಳಾಸಕ್ಕೆ ಬಾಲ್ ಪೆನ್ನು ಅಥವಾ ಅಳಿಸದ ಮಾರ್ಕರ್. ಬಣ್ಣದ ಪೆನ್ನಿನ ಆಸೆ ಇದ್ದರೆ ಸಂದೇಶದ ಕಡೆ ತೀರಿಸಿಕೊಳ್ಳಿ.

ಹಿಂಬದಿಯ ವಿನ್ಯಾಸ

ಹಿಂದೆ ಎಡಗಡೆ ಮಾತು, ಬಲಗಡೆ ವಿಳಾಸ. ಈಗ ನಮಗೆ ಇದು ಸಹಜ ಅನಿಸುತ್ತದೆ. ಆದರೆ ಬ್ರಿಟನ್ನಿನಲ್ಲಿ 1902ರವರೆಗೆ, ಅಮೆರಿಕದಲ್ಲಿ 1907ರವರೆಗೆ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಬರೆಯುವುದಿದ್ದರೆ ಚಿತ್ರದ ಬದಿಯಲ್ಲೇ ಬರೆಯಬೇಕಿತ್ತು. ಬಹಳ ಹಳೆಯ ಕಾರ್ಡುಗಳಲ್ಲಿ ಚಿತ್ರದ ಮೇಲೆಯೇ ಗೀಚಿರುವುದು ಅದಕ್ಕೇ.

ಮಧ್ಯೆ ಒಂದು ಉದ್ದ ಗೆರೆ, ಬಲ ಮೇಲ್ಮೂಲೆಯಲ್ಲಿ ಸ್ಟ್ಯಾಂಪಿನ ಚೌಕ, ಅದರ ಕೆಳಗೆ ವಿಳಾಸಕ್ಕೆ ನಾಲ್ಕೈದು ಸಾಲು. ಗೆರೆಗಳು ತಿಳಿ ಬೂದು ಬಣ್ಣದಲ್ಲಿರಲಿ, ಕಪ್ಪಾದರೆ ಬರೆದದ್ದರ ಜೊತೆ ಜಗಳಕ್ಕೆ ಬೀಳುತ್ತವೆ. ಸ್ಟ್ಯಾಂಪಿಗೆ ಜಾಗ ಧಾರಾಳವಾಗಿ ಬಿಡಿ, ವಿದೇಶಕ್ಕಾದರೆ ಎರಡು ಮೂರು ಸ್ಟ್ಯಾಂಪು ಹಚ್ಚಬೇಕಾಗಬಹುದು. ಅದಲ್ಲದೆ ವಿನಿಮಯ ಮಾಡುವವರಲ್ಲಿ ಅರ್ಧಕ್ಕರ್ಧ ಜನ ಸ್ಟ್ಯಾಂಪಿನ ಪ್ರಿಯರೂ ಹೌದು.

ಹೆಚ್ಚಿನವರು ಮರೆಯುವ ಜಾಗ ಒಂದಿದೆ. ಹಲವು ದೇಶಗಳಲ್ಲಿ ವಿಂಗಡಿಸುವ ಯಂತ್ರ ಕಾರ್ಡಿನ ಕೆಳ ಅಂಚಿನಲ್ಲಿ ಸಣ್ಣ ಗೆರೆಗಳ ಕೋಡ್ ಮುದ್ರಿಸುತ್ತದೆ ಅಥವಾ ಸ್ಟಿಕ್ಕರ್ ಅಂಟಿಸುತ್ತದೆ. ಹಾಗಾಗಿ ಕೆಳಗಿನ 15ರಿಂದ 20 ಮಿ.ಮೀ. ಖಾಲಿ ಬಿಡಿ. ಅಲ್ಲಿ ನೀವು ಮುದ್ದಾಗಿ ಬರೆದ ಕೊನೆಯ ಸಾಲು ಸ್ಟಿಕ್ಕರಿನ ಅಡಿ ಹೋಗುತ್ತದೆ.

ಎಡಗಡೆ ಮೇಲೆ ಚಿಕ್ಕ ಅಕ್ಷರದಲ್ಲಿ ಚಿತ್ರದ ವಿವರ ಹಾಕಿ: ಏನು, ಎಲ್ಲಿ, ಯಾವ ವರ್ಷ, ಫೋಟೋ ಯಾರದು. ಅಂಗಡಿಯ ಕಾರ್ಡಿಗೂ ಮನೆಯ ಕಾರ್ಡಿಗೂ ವ್ಯತ್ಯಾಸ ಮಾಡುವುದು ಈ ಒಂದು ಸಾಲು. ಸಂಗ್ರಹ ಮಾಡುವವರು ಮೊದಲು ಓದುವುದೂ ಅದನ್ನೇ. ಸರಣಿ ಮಾಡುತ್ತಿದ್ದರೆ ಸಂಖ್ಯೆಯೂ ಇರಲಿ, 12ರಲ್ಲಿ 3ನೆಯದು ಅಂತ. ಉಳಿದ ಹನ್ನೊಂದನ್ನು ಅವರು ಕೇಳದೆ ಇರುವುದಿಲ್ಲ.

ಈಗ ಫೋಟೋ

ಎಲ್ಲರೂ ತೆಗೆಯುವ ಪ್ರಸಿದ್ಧ ಜಾಗದ ಫೋಟೋಗಿಂತ ಅಂಗಡಿಯ ಕಾರ್ಡಿನಲ್ಲಿ ಸಿಗದ ಫೋಟೋ ಆರಿಸಿ. ಸೂರ್ಯಾಸ್ತ ಎಲ್ಲಾ ಕಡೆ ಒಂದೇ ಥರ. ಬದಲಿಗೆ ಬಾಗಿಲು, ಟಪಾಲು ಡಬ್ಬಿ, ಕೈಬರಹದ ಅಂಗಡಿ ಬೋರ್ಡು, ಮೆಟ್ಟಿಲು, ಗೋಡೆಗೆ ಒರಗಿಸಿದ ಸೈಕಲ್ಲು, ಮಳೆ ನಿಂತ ಮೇಲಿನ ರಸ್ತೆ. ಇಂಥವಕ್ಕೆ ಹವ್ಯಾಸಿಗಳಲ್ಲಿ ಒಳ್ಳೆ ಬೇಡಿಕೆ, ಟಪಾಲು ಡಬ್ಬಿಯ ಕಾರ್ಡುಗಳನ್ನೇ ಹುಡುಕುವವರು ಇದ್ದಾರೆ. ಕೈಯಲ್ಲಿ ಹಿಡಿದು ಒಂದಡಿ ದೂರದಿಂದ ನೋಡುವ ಚಿತ್ರ ಇದು. ನೂರು ಸಣ್ಣ ವಿವರ ಇರುವ ದೂರದ ನೋಟಕ್ಕಿಂತ ಒಂದೇ ವಿಷಯ ದೊಡ್ಡದಾಗಿ ಇರುವ ಚಿತ್ರ ಈ ಅಳತೆಗೆ ಹೊಂದುತ್ತದೆ.

ಇಂಟರ್‌ನೆಟ್ಟಿನಿಂದ ಎತ್ತಿದ ಚಿತ್ರ ಬೇಡವೇ ಬೇಡ, ಹಕ್ಕು ಬೇರೆಯವರದು. ಜನರ ಮುಖ ಸ್ಪಷ್ಟವಾಗಿ ಕಾಣುವ ಫೋಟೋ ಇದ್ದರೆ ಅವರನ್ನು ಕೇಳಿ. ಮಕ್ಕಳದ್ದಾದರೆ ಬಿಟ್ಟುಬಿಡಿ. ಕಾರ್ಡು ಎಷ್ಟು ಕೈ ದಾಟುತ್ತದೆ ಅನ್ನುವುದು ನಮ್ಮ ಹಿಡಿತದಲ್ಲಿಲ್ಲ.

ಅಂಚೆಚೀಟಿಯ ಹುಚ್ಚೂ ಇದ್ದರೆ ಮ್ಯಾಕ್ಸಿಮಂ ಕಾರ್ಡ್ ಅನ್ನುವ ಒಂದು ಬಗೆ ಇದೆ. ಕಾರ್ಡಿನ ಚಿತ್ರ, ಅಂಚೆಚೀಟಿಯ ಚಿತ್ರ, ಠಸ್ಸೆ ಮೂರೂ ಒಂದೇ ವಿಷಯಕ್ಕೆ ಸಂಬಂಧಪಡಬೇಕು, ಮತ್ತು ಅಂಚೆಚೀಟಿಯನ್ನು ಚಿತ್ರದ ಬದಿಗೇ ಅಂಟಿಸಿ ಠಸ್ಸೆ ಹಾಕಿಸಬೇಕು. ದೀಪಸ್ತಂಭದ ಚೀಟಿ, ಅದೇ ದೀಪಸ್ತಂಭದ ಫೋಟೋ, ಅಲ್ಲಿಗೆ ಹತ್ತಿರದ ಅಂಚೆ ಕಚೇರಿಯ ಠಸ್ಸೆ, ಹೀಗೆ. ಅಂಚೆಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿ ಕಾರ್ಡಿಗೆ ಹಾಕುವುದನ್ನು ಆ ವಲಯದವರು ಒಪ್ಪುವುದಿಲ್ಲ. ಅಲ್ಲಿ ಸ್ವಂತ ಫೋಟೋಗೆ ಬೆಲೆ ಬರುವುದು ಅದಕ್ಕೇ.

ಫೈಲು ಸಿದ್ಧ ಮಾಡುವುದು

ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕ ಇಟ್ಟುಕೊಳ್ಳಿ. 4×6 ಕಾರ್ಡಿಗೆ 1200×1800 ಪಿಕ್ಸೆಲ್, ಎ6ಗೆ 1240×1748. ಈಗಿನ ಯಾವ ಫೋನಾದರೂ ಇದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಎಡವಟ್ಟಾಗುವುದು ಫೋಟೋವನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿಕೊಂಡಾಗ, ಅದು ಚಿತ್ರವನ್ನು ಕುಗ್ಗಿಸುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು ಕ್ರಾಪ್, ಅಂದರೆ ಚಿತ್ರದ ಅಂಚು ಕತ್ತರಿಸಿ ಅಳತೆಗೆ ತರುವುದು. ದೊಡ್ಡ ಕ್ಯಾಮೆರಾಗಳ 3:2 ಅನುಪಾತದ (ಉದ್ದಕ್ಕೆ ಅಗಲ) ಚಿತ್ರ 4×6 ಕಾರ್ಡಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಫೋನಿನ ಚಿತ್ರ ಸಾಮಾನ್ಯವಾಗಿ 4:3. ಅಂದರೆ 4000×3000ದ ಚಿತ್ರವನ್ನು 4×6ಕ್ಕೆ ಹೊಂದಿಸಲು ಎತ್ತರದಲ್ಲಿ 333 ಪಿಕ್ಸೆಲ್ ಹೋಗುತ್ತದೆ, ಒಂಬತ್ತರಲ್ಲಿ ಒಂದು ಪಾಲು. ಇದನ್ನು ಲ್ಯಾಬಿನವರಿಗೆ ಬಿಟ್ಟರೆ ಯಾರದ್ದಾದರೂ ತಲೆ ಹಾರಿಸುತ್ತಾರೆ. ನೀವೇ ಕ್ರಾಪ್ ಮಾಡಿ ಕೊಡಿ.

ಅಂಚಿನವರೆಗೂ ಚಿತ್ರ ಇರಬೇಕು ಅಂದರೆ ಸುತ್ತಲೂ 3 ಮಿ.ಮೀ. ಜಾಸ್ತಿ ಚಿತ್ರ ಇಡಬೇಕು, ಪ್ರೆಸ್ಸಿನವರು ಬ್ಲೀಡ್ ಅನ್ನುವುದು ಇದನ್ನೇ. ಎ6 ಆದರೆ ಫೈಲು 111×154 ಮಿ.ಮೀ. ಆಗುತ್ತದೆ. ಮುಖ್ಯವಾದದ್ದೇನಿದ್ದರೂ, ಅಕ್ಷರವಂತೂ, ಅಂಚಿನಿಂದ 5 ಮಿ.ಮೀ. ಒಳಗೇ ಇರಲಿ. ಮನೆಯಲ್ಲೇ ಮಾಡುವವರಿಗೆ ಬಿಳಿ ಚೌಕಟ್ಟು ಸುಲಭ, ಪ್ರಿಂಟರು ಅಂಚು ಬಿಟ್ಟರೂ ಗೊತ್ತಾಗುವುದಿಲ್ಲ. ಆದರೆ ಚೌಕಟ್ಟು 5 ಮಿ.ಮೀ. ಆದರೂ ಇರಬೇಕು. 2 ಮಿ.ಮೀ. ಇಟ್ಟು, ಕತ್ತರಿಸುವಾಗ ಕೈ ಒಂದು ಮಿ.ಮೀ. ಜಾರಿದರೆ ಒಂದು ಕಡೆ ಇನ್ನೊಂದು ಕಡೆಯ ಮೂರು ಪಟ್ಟು ಆಗುತ್ತದೆ, ಕಣ್ಣಿಗೆ ಹೊಡೆಯುತ್ತದೆ.

ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಹಾಗಾಗಿ ಫೋನಿನಲ್ಲಿ ಸರಿಯಾಗಿ ಕಂಡದ್ದು ಪ್ರಿಂಟಿನಲ್ಲಿ ಕಪ್ಪಾಗುತ್ತದೆ, ಅದರಲ್ಲೂ ಮ್ಯಾಟ್ ಕಾಗದದ ಮೇಲೆ. ನೆರಳಿನ ಭಾಗ ಸ್ವಲ್ಪ ತಿಳಿ ಮಾಡಿ. ಬಣ್ಣದ ಸೆಟ್ಟಿಂಗ್ ಎಸ್‌ಆರ್‌ಜಿಬಿ (sRGB) ಇರಲಿ, ಪ್ರೆಸ್ಸಿನವರು ಬೇರೆ ಕೇಳಿದರೆ ಅವರು ಹೇಳಿದ್ದು.

ಪ್ರಿಂಟು, ಕತ್ತರಿ

ಮೊದಲು ಒಂದೇ ಒಂದು ಪ್ರಿಂಟು ತೆಗೆಯಿರಿ. ಹಗಲು ಬೆಳಕಿನಲ್ಲಿ ನೋಡಿ. ಸರಿ ಇದ್ದರೆ ಮಾತ್ರ ಉಳಿದವು.

ಎರಡೂ ಬದಿ ಪ್ರಿಂಟು ಮಾಡುವವರು ಒಳ್ಳೆ ಕಾಗದ ಹಾಕುವ ಮುಂಚೆ ಸಾದಾ ಹಾಳೆಯ ಮೇಲೆ ಪೆನ್ಸಿಲಿನಿಂದ ಬಾಣ ಬರೆದು ಪ್ರಿಂಟರಿಗೆ ಕೊಡಿ. ಹಾಳೆ ಯಾವ ಮುಖ, ಯಾವ ದಿಕ್ಕಿಗೆ ತಿರುಗಿ ಬರುತ್ತದೆ ಅಂತ ಒಂದು ಸಲ ತಿಳಿದರೆ ಸಾಕು, ಟ್ರೇ ಪಕ್ಕ ಚೀಟಿ ಅಂಟಿಸಿಡಿ. ಮುಂದೆ ಹಿಂದೆ ಒಂದೆರಡು ಮಿ.ಮೀ. ಸರಿಯುವುದು ಇದ್ದದ್ದೇ, ಅದಕ್ಕೇ ಹಿಂಬದಿಯ ಯಾವ ಗೆರೆಯನ್ನೂ ಅಂಚಿಗೆ ತಾಗಿಸಿ ಹಾಕಬೇಡಿ. ಇಂಕ್‌ಜೆಟ್ ಪ್ರಿಂಟನ್ನು ಒಂದು ರಾತ್ರಿ ಬಿಡಿಬಿಡಿಯಾಗಿ ಒಣಗಿಸಿ, ಆಮೇಲೆ ಒಂದರ ಮೇಲೊಂದು ಇಡಿ.

ಕತ್ತರಿಯಲ್ಲಿ ನೇರ ಬರುವುದಿಲ್ಲ. ಸ್ಟೀಲ್ ಸ್ಕೇಲು, ಹೊಸ ಬ್ಲೇಡಿನ ಕಟ್ಟರು, ಅಡಿಗೆ ದಪ್ಪ ರಟ್ಟು. ಒಂದೇ ಏಟಿಗೆ ದಪ್ಪ ಕಾರ್ಡು ಕತ್ತರಿಸಲು ಹೋಗಬೇಡಿ, ಹಗುರಾಗಿ ಎರಡು ಮೂರು ಸಲ ಎಳೆಯಿರಿ. ಸ್ಕೇಲನ್ನು ಚಿತ್ರದ ಮೇಲೆಯೇ ಇಡಿ, ಬ್ಲೇಡು ಜಾರಿದರೂ ಹೊರಗಿನ ವೇಸ್ಟ್ ಕಡೆಗೇ ಹೋಗುತ್ತದೆ. ಮೂಲೆ ದುಂಡಗೆ ಮಾಡುವ ಪಂಚ್ ಸಿಗುತ್ತದೆ, ಸಿಕ್ಕರೆ ತೆಗೆದುಕೊಳ್ಳಿ. ಅಂಚೆಯಲ್ಲಿ ಮೊದಲು ಮಡಚಿಕೊಳ್ಳುವುದು ಚೂಪು ಮೂಲೆಯೇ.

ಬರೆದು ಕಳಿಸುವುದು

ವಿಳಾಸ ಮೊದಲು ಬರೆಯಿರಿ, ಮಾತು ಆಮೇಲೆ. ದೇಶದ ಹೆಸರು ಕೊನೆಯ ಸಾಲಿನಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಇರಲಿ. ಕಾರ್ಡು ಪಡೆಯುವವರು ತಮ್ಮ ಲಿಪಿಯಲ್ಲಿ ವಿಳಾಸ ಕೊಟ್ಟಿದ್ದರೆ ಅದನ್ನು ಪ್ರಿಂಟು ತೆಗೆದು ಅಂಟಿಸಿ, ದೇಶದ ಹೆಸರು ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ. ಸ್ಟ್ಯಾಂಪಿನ ಮೇಲೆ ಟೇಪು ಹಚ್ಚಬೇಡಿ. ಠಸ್ಸೆ ಟೇಪಿನ ಮೇಲೆ ನಿಲ್ಲುವುದಿಲ್ಲ, ಅಂಥ ಸ್ಟ್ಯಾಂಪನ್ನು ಅಂಚೆಯವರು ತಿರಸ್ಕರಿಸಬಹುದು. ಮಿನುಗು ಪುಡಿ, ಗುಂಡಿ, ಒಣ ಹೂವು ಅಂಟಿಸಿದ್ದರೆ ಕವರಿಗೆ ಹಾಕಿ ಪತ್ರದ ದರದಲ್ಲಿ ಕಳಿಸಿ.

ವಿನಿಮಯಕ್ಕೆ ದೊಡ್ಡ ಜಾಗ ಪೋಸ್ಟ್‌ಕ್ರಾಸಿಂಗ್ ಅನ್ನುವ ವೆಬ್‌ಸೈಟು, 2005ರಲ್ಲಿ ಪೋರ್ಚುಗಲ್ಲಿನ ಪೌಲೊ ಮಗಲ್ಯಾಯಿಸ್ ಶುರು ಮಾಡಿದ್ದು. ಅಲ್ಲಿ ನಿಮಗೆ ಯಾರದೋ ವಿಳಾಸ ಸಿಗುತ್ತದೆ, ನಿಮ್ಮ ಕಾರ್ಡು ತಲುಪಿ ಅವರು ದಾಖಲಿಸಿದ ಮೇಲೆ ಇನ್ನ್ಯಾರೋ ನಿಮಗೆ ಕಳಿಸುತ್ತಾರೆ. ದಾಖಲಿಸಲು ಕಾರ್ಡಿನ ಮೇಲೆ ಆ ವೆಬ್‌ಸೈಟು ಕೊಡುವ ಐಡಿ ಇರಬೇಕು. ಅದನ್ನು ಎರಡು ಕಡೆ ಬರೆಯಿರಿ, ಒಂದು ಕಡೆ ಠಸ್ಸೆ ಬಿದ್ದರೆ ಇನ್ನೊಂದು ಉಳಿಯುತ್ತದೆ. ಕಳಿಸುವ ಮುಂಚೆ ಅವರು ಬರೆದುಕೊಂಡಿರುವ ಪರಿಚಯ ಓದಿ. ಮನೆಯಲ್ಲಿ ಮಾಡಿದ ಕಾರ್ಡು ಬೇಡ, ಅಂಗಡಿಯದ್ದೇ ಬೇಕು ಅನ್ನುವವರು ಕೆಲವರಿದ್ದಾರೆ. ಬೇಜಾರು ಬೇಡ, ತೆಳು ಕಾಗದದಲ್ಲಿ ಮಂಕಾಗಿ ಪ್ರಿಂಟು ಹೊಡೆದ ಕಾರ್ಡುಗಳು ಅವರಿಗೆ ಬೇಕಾದಷ್ಟು ಬಂದಿರುತ್ತವೆ. ನೇರವಾಗಿ ಇಬ್ಬರೇ ಬದಲಾಯಿಸಿಕೊಳ್ಳುವುದಾದರೆ ಕಾರ್ಡಿನ ಎರಡೂ ಬದಿಯ ಚಿತ್ರ ಮೊದಲೇ ತೋರಿಸಿ. ಬರೆದು ಸ್ಟ್ಯಾಂಪು ಹಚ್ಚಿದ್ದು ಬೇಕಾ, ಖಾಲಿ ಕಾರ್ಡು ಕವರಿನಲ್ಲಿ ಬೇಕಾ ಅಂತಲೂ ಕೇಳಿಕೊಳ್ಳಿ. ಜಗಳ ಹುಟ್ಟುವುದು ಹೆಚ್ಚಾಗಿ ಈ ಒಂದು ವಿಷಯಕ್ಕೆ. ವಿಳಾಸವನ್ನು ಮಾತ್ರ ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ, ಬಂದ ಕಾರ್ಡಿನ ಫೋಟೋ ಹಂಚುವಾಗಲೂ ಹಿಂಬದಿಯನ್ನು ಮುಚ್ಚಿ.

ಅಂಚೆಗೆ ಹಾಕುವ ಮುಂಚೆ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಯಾರಿಗೆ ಯಾವ ಚಿತ್ರ, ಯಾವ ದಿನ ಅಂತ ಒಂದು ಪಟ್ಟಿ ಇರಲಿ, ಒಬ್ಬರಿಗೇ ಅದೇ ಕಾರ್ಡು ಎರಡು ಸಲ ಹೋಗುವುದು ತಪ್ಪುತ್ತದೆ. ವಿದೇಶದ ಕಾರ್ಡು ವಾರದಲ್ಲೂ ತಲುಪಬಹುದು, ಎರಡು ತಿಂಗಳೂ ಹಿಡಿಯಬಹುದು. ಎರಡು ತಿಂಗಳಾದರೂ ಸುದ್ದಿ ಇಲ್ಲ ಅಂದರೆ ಕೇಳಿ ನೋಡಿ, ಹೋಗಿಲ್ಲವಾದರೆ ಇನ್ನೊಂದು ಕಳಿಸಿ. ಪ್ರತಿ ಚಿತ್ರದ ನಾಲ್ಕೈದು ಪ್ರತಿ ಜಾಸ್ತಿ ಹಾಕಿಸಿಡುವುದು ಇದಕ್ಕೇ. ಆ ಜಾಸ್ತಿ ಪ್ರತಿಗಳನ್ನು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಹಾಳೆಗಳಲ್ಲಿ ಇಡಿ, ಪಿವಿಸಿ ಪ್ಲಾಸ್ಟಿಕ್ ಬೇಡ. ಅದು ವರ್ಷ ಕಳೆದ ಹಾಗೆ ಅಂಟಂಟಾಗಿ ಫೋಟೋದ ಮೇಲ್ಮೈಗೇ ಹಿಡಿದುಕೊಳ್ಳುತ್ತದೆ.